ಇಪ್ಪತ್ತಾರರಲ್ಲಿ ಒಂದು ಜಾಗ

ಸೋತು ಸುಣ್ಣವಾಗಿ ಹೊಸದಾಗಿ ಕಟ್ಟಿಕೊಳ್ಳಲು ಹೊರಟ ಬೇಸ್‌ಬಾಲ್ ತಂಡವೊಂದು ಮೂವತ್ತಾರು ವರ್ಷದ ಆಟಗಾರನನ್ನು ಕರೆತಂದರೆ ನಾನು ಕೇಳುವುದು ಎರಡೇ ಪ್ರಶ್ನೆ. ಒಪ್ಪಂದ ಎಷ್ಟು ವರ್ಷದ್ದು? ಅವನಿಂದಾಗಿ ಯಾವ ಹುಡುಗ ಬೆಂಚಿನ ಮೇಲೆ ಕೂರುತ್ತಾನೆ? ಅವನು ಹಿಂದೆ ಏನೇನು ಗೆದ್ದಿದ್ದ ಎಂಬುದು ಆಮೇಲಿನ ಮಾತು.

ಬಸವನಗುಡಿಯವನಿಗೆ ಈ ಉಸಾಬರಿ ಯಾಕೆಂದರೆ, ಮಗಳು ಪಿಟ್ಸ್‌ಬರ್ಗ್‌ನಲ್ಲಿದ್ದಾಳೆ. ಅಲ್ಲಿನ ಪೈರೇಟ್ಸ್ ತಂಡದ ಸಂಜೆ 6.40ರ ಪಂದ್ಯ ನಮಗೆ ಬೆಳಗಿನ ಜಾವ 4.10ಕ್ಕೆ ಶುರು. ನಿವೃತ್ತನಿಗೆ ಹೇಗೂ ನಿದ್ದೆ ಬಾರದ ಹೊತ್ತು. ಪಂದ್ಯ ಮುಗಿಸಿಕೊಂಡು ಕೃಷ್ಣರಾವ್ ಪಾರ್ಕಿಗೆ ಹೋದರೆ ಅಲ್ಲಿ ಗೆಳೆಯರೊಬ್ಬರು ವಾದಕ್ಕೆ ಸಿದ್ಧರಾಗಿರುತ್ತಾರೆ. ಪ್ರಾಯದಲ್ಲಿ ಲೀಗ್ ಕ್ರಿಕೆಟ್ ಆಡಿದವರು. ಹಿರಿಯರಿಲ್ಲದ ತಂಡ ತಂಡವೇ ಅಲ್ಲ ಎನ್ನುವುದು ಅವರ ಹಟ.

2021ರಲ್ಲಿ 101, 2022ರಲ್ಲಿ 100 ಪಂದ್ಯ ಸೋತ ಪೈರೇಟ್ಸ್, 2023ಕ್ಕೆ ಆಂಡ್ರೂ ಮೆಕಚನ್‌ನನ್ನು ಮರಳಿ ಕರೆತಂದಿತು. 2013ರಲ್ಲಿ ಇದೇ ತಂಡದಲ್ಲಿದ್ದು ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡಿದ್ದವನು. ಒಂದು ವರ್ಷ, 50 ಲಕ್ಷ ಡಾಲರ್. ಆ ಲೋಕದಲ್ಲಿ ಇದು ಪುಡಿಗಾಸು. ಮೊದಲ ಪ್ರಶ್ನೆಗೆ ಸರಿಯಾದ ಉತ್ತರ.

ತಪ್ಪು ಉತ್ತರ ಬೇಕಿದ್ದರೆ ಡೆಟ್ರಾಯಿಟ್ ತಂಡ ನೋಡಬೇಕು. ಅಲ್ಲಿನ ಹೆಸರಾಂತ ಬ್ಯಾಟರ್ ಮಿಗೆಲ್ ಕಬ್ರೇರಾಗೆ 2014ರಲ್ಲಿ ಎಂಟು ವರ್ಷಗಳ ಹೆಚ್ಚುವರಿ ಒಪ್ಪಂದ, 24.8 ಕೋಟಿ ಡಾಲರ್. ತಂಡ 2017ರಲ್ಲಿ ತನ್ನ ತಾರಾ ಆಟಗಾರ ವರ್ಲ್ಯಾಂಡರ್‌ನನ್ನು ಮಾರಿ ಎಲ್ಲವನ್ನೂ ಬಿಚ್ಚಿ ಕಟ್ಟಲು ಕುಳಿತಿತು, 2019ರಲ್ಲಿ 114 ಪಂದ್ಯ ಸೋತಿತು. ಒಪ್ಪಂದ ಮಾತ್ರ 2023ರವರೆಗೂ ನಡೆಯಿತು. 500ನೇ ಹೋಮ್ ರನ್, 3000ನೇ ಹಿಟ್ ಎಲ್ಲವೂ ಆ ವರ್ಷಗಳಲ್ಲೇ ಬಂದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟಲೇಬೇಕಾದ ಆಟಗಾರ, ನಿಜ. ಆದರೆ ಅದರಿಂದ ತಂಡ ಕಟ್ಟಿದಂತಾಗಲಿಲ್ಲ.

ನನ್ನ ಪ್ರಕಾರ ಇಂಥ ತಂಡಕ್ಕೆ ಹಿರಿಯ ಬೇಕೆಂದರೆ ಮೊದಲು ಪಿಚರ್, ಅಂದರೆ ಚೆಂಡು ಎಸೆಯುವವನು, ಬೇಕು. ವರ್ಷಕ್ಕೆ 162 ಪಂದ್ಯ, ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಸುಮಾರು 1,450 ಇನಿಂಗ್ಸ್ ಯಾರಾದರೂ ಎಸೆಯಲೇಬೇಕು. ಅಷ್ಟನ್ನೂ ಎಳೆಯ ತೋಳುಗಳ ಮೇಲೆ ಹೇರಿದರೆ ಮೊಣಕೈ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿಕೊಟ್ಟಂತೆ. ಷಿಕಾಗೊ ಕಬ್ಸ್ 2013ಕ್ಕೆ ಸ್ಕಾಟ್ ಫೆಲ್ಡ್‌ಮನ್ ಎಂಬ ಸಾಧಾರಣ ಪಿಚರ್‌ನನ್ನು ಒಂದು ವರ್ಷಕ್ಕೆ 60 ಲಕ್ಷ ಡಾಲರ್ ಕೊಟ್ಟು ತಂದಿತು. ಜುಲೈ ತಿಂಗಳಲ್ಲೇ ಅವನನ್ನು ಇನ್ನೊಬ್ಬನ ಜೊತೆ ಬಾಲ್ಟಿಮೋರ್‌ಗೆ ಸಾಗಹಾಕಿ, ಬದಲಿಗೆ ಜೇಕ್ ಅರಿಯೆಟಾ ಮತ್ತು ಪೆಡ್ರೊ ಸ್ಟ್ರೋಪ್‌ರನ್ನು ಪಡೆಯಿತು. ಅರಿಯೆಟಾ 2015ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ; ಮರುವರ್ಷ ಕಬ್ಸ್‌ಗೆ 1908ರ ನಂತರ ಮೊದಲ ಬಾರಿ ವಿಶ್ವ ಸರಣಿ, ಅಂದರೆ ಅಲ್ಲಿನ ಚಾಂಪಿಯನ್ ಪಟ್ಟ, ಒಲಿಯಿತು. ಫೆಲ್ಡ್‌ಮನ್ ಹುಡುಗರಿಗೆ ಏನು ಪಾಠ ಹೇಳಿದನೋ ಬಿಟ್ಟನೋ, ಯಾರಿಗೆ ಬೇಕು?

ಗೆಳೆಯರಿಗೆ ಈ ವ್ಯಾಪಾರಿ ಬುದ್ಧಿ ಹಿಡಿಸುವುದಿಲ್ಲ. "ಸ್ವಾಮಿ, ವಿದರ್ಭಕ್ಕೆ ವಾಸಿಂ ಜಾಫರ್ ಹೋದಾಗ ಯಾರನ್ನು ಯಾರಿಗೆ ಮಾರಿದರು?" ಎಂದರು. ನಮ್ಮವನೇ ಆದ ಗಣೇಶ್ ಸತೀಶ್ ಕೂಡ ಅಲ್ಲಿದ್ದ. ಆ ತಂಡ 2017-18ರ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು ಸೋಲಿಸಿದ್ದು ಬರೀ ಐದು ರನ್ನುಗಳಿಂದ. ಈಡನ್ ಗಾರ್ಡನ್ಸ್‌ನ ಆ ಬೆಳಿಗ್ಗೆಯನ್ನು ಅವರು ಬೇಕೆಂದೇ ನೆನಪಿಸುತ್ತಾರೆ. ಮರು ಋತುವಿನಲ್ಲಿ ನಲವತ್ತರ ಜಾಫರ್ 1,037 ರನ್ ಹೊಡೆದ, ವಿದರ್ಭ ಮತ್ತೆ ಗೆದ್ದಿತು.

ಒಪ್ಪಿದೆ. ಆದರೆ ಜಾಫರ್ ಬರೀ ಪಾಠ ಹೇಳಿಕೊಂಡು ಕೂರಲಿಲ್ಲ, ರನ್ ಹೊಡೆದ. ಮೆಕಚನ್‌ನದು ಹೆಚ್ಚಾಗಿ ಡೆಸಿಗ್ನೇಟೆಡ್ ಹಿಟರ್ ಜಾಗ. ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಬೀಸುವವನದು. ಇಪ್ಪತ್ತಾರು ಆಟಗಾರರ ಪಟ್ಟಿಯಲ್ಲಿ ಅಂಥದು ದಿನಕ್ಕೆ ಒಂದೇ. ದಣಿದ ಹುಡುಗನನ್ನೋ ಕೈಗವಸು ಸರಿಯಾಗಿ ಪಳಗದವನನ್ನೋ ಕೂಡಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. 2023ರಲ್ಲಿ 76 ಗೆಲುವು, 2024ರಲ್ಲಿ ಅಷ್ಟೇ, 2025ರಲ್ಲಿ 71. ಪ್ರತಿ ವರ್ಷವೂ ಮೆಕಚನ್‌ಗೆ ಅದೇ 50 ಲಕ್ಷ ಡಾಲರ್. ಪಾಲ್ ಸ್ಕೀನ್ಸ್‌ನಂಥ ಪಿಚರ್ ಸಿಕ್ಕಿಯೂ ತಂಡ ಮೇಲೇಳಲಿಲ್ಲ. ಮೊದಲ ವರ್ಷದ ಒಪ್ಪಂದಕ್ಕೆ ನಾನೂ ಸಹಿ ಹಾಕುತ್ತಿದ್ದೆ. ಮೂರನೆಯದಕ್ಕೆ ಹಾಕುತ್ತಿರಲಿಲ್ಲ.

"ಹಾಗಾದರೆ ಆ ಜಾಗಕ್ಕೆ ಕಾಯುತ್ತಿದ್ದ ಹುಡುಗನ ಹೆಸರು ಹೇಳಿ" ಎಂದರು ಗೆಳೆಯರು. ಹೆನ್ರಿ ಡೇವಿಸ್, 2021ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದ ಕ್ಯಾಚರ್ ಎಂದೆ. ನಮ್ಮ ವಿಕೆಟ್ ಕೀಪರ್ ಇದ್ದಂತೆ. ಕ್ಯಾಚರ್ ದಿನವೂ ಕುಕ್ಕರಗಾಲಲ್ಲಿ ಕೂರಲಾರ. ಬಿಡುವಿನ ದಿನ ಬ್ಯಾಟಿಗೆ ಇಳಿಸಬಹುದು.

"ಅವನ ಬ್ಯಾಟಿಂಗ್ ಸರಾಸರಿ ನೋಡಿದ್ದೀರಾ?"

ನೋಡಿದ್ದೇನೆ, ನಗೆಪಾಟಲು. 71 ಪಂದ್ಯ ಗೆಲ್ಲುವ ತಂಡದಲ್ಲಿ ಕಲಿಯಲು ಬಿಡದಿದ್ದರೆ ಅವನು ಇನ್ನೆಲ್ಲಿ ಕಲಿಯಬೇಕು ಎಂದು ಕೇಳಿದೆ. ಅವರು ಮತ್ತೆ ಈಡನ್ ಗಾರ್ಡನ್ಸ್‌ಗೆ ಹೋದರು.