ಮನ್ರೇಸಾದ ಗುಹೆ, ಚುಕ್ಕಿಗಳ ಲೆಕ್ಕ

ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸರು ಪ್ರಾರ್ಥನೆಗೆ ಕೂತರೆನ್ನುವ ಗುಹೆ ಇರುವುದು ಸ್ಪೇನಿನ ಮನ್ರೇಸಾ ಊರಲ್ಲಿ. ಬಾರ್ಸಿಲೋನಾದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದೂವರೆ ತಾಸು. ಬೆಳಗ್ಗೆಯೇ ತಲುಪುವುದು ಒಳ್ಳೆಯದು; ಮಧ್ಯಾಹ್ನ ಗುಹೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಕಾರ್ಡನೆರ್ ಹೊಳೆ ನೋಡುತ್ತ ಬಿಸಿಲು ಕಾಯುವುದು ಯಾರಿಗೂ ಬೇಡ.

ಗುಹೆಗೆ ಅಂಟಿಕೊಂಡ ಬರೋಕ್ ಚರ್ಚಿನ ಆಡಂಬರ ಅತಿಯಾಯಿತು. ಆ ಒರಟು ಬಂಡೆಯೊಂದೇ ಸಾಕಿತ್ತು. 1522ರ ಮಾರ್ಚ್‌ನಲ್ಲಿ ಮೊಂತ್ಸೆರಾತ್ ಬೆಟ್ಟದ ಮಠದಲ್ಲಿ ಮರಿಯ ಮಾತೆಯ ಮೂರ್ತಿಯ ಮುಂದೆ ಕತ್ತಿ ಒಪ್ಪಿಸಿ ಇಳಿದುಬಂದ ಇಗ್ನೇಷಿಯಸರು ಈ ಊರಲ್ಲಿ ಹತ್ತು ತಿಂಗಳಿಗೂ ಮೇಲೆ ಇದ್ದರು. ಇಲ್ಲಿ ಮೊಳೆತ ಟಿಪ್ಪಣಿಗಳೇ 1548ರಲ್ಲಿ ಅಚ್ಚಾದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ, ಪ್ರಾರ್ಥನೆ ಮತ್ತು ಆತ್ಮಪರೀಕ್ಷೆಯ ಅಭ್ಯಾಸಗಳ ಪುಸ್ತಕದ ಬುಡ. ಅದರ ಒಂದು ಪುಟ ಥೇಟ್ ಕಿರಾಣಿ ಅಂಗಡಿಯ ಲೆಕ್ಕದಂತಿದೆ.

ಒಂದೇ ಒಂದು ದೋಷ ಆರಿಸಿಕೊಳ್ಳಬೇಕು. ಎದ್ದ ಕೂಡಲೇ ಅದರಿಂದ ದೂರವಿರುವ ಸಂಕಲ್ಪ. ಮಧ್ಯಾಹ್ನದ ಊಟವಾದ ಮೇಲೆ ಎದ್ದಾಗಿನಿಂದ ತಾಸು ತಾಸಾಗಿ ನೆನೆದು, ಆ ದೋಷಕ್ಕೆ ಬಿದ್ದಷ್ಟು ಸಲ ಹಾಳೆಯ ಮೊದಲ ಗೆರೆಯ ಮೇಲೆ ಚುಕ್ಕಿ. ರಾತ್ರಿ ಊಟದ ನಂತರ ಎರಡನೇ ಗೆರೆ. ದಿನಕ್ಕೆ ಎರಡರಂತೆ ವಾರಕ್ಕೆ 14 ಗೆರೆ. ತಪ್ಪಿದ ಕ್ಷಣವೇ ಎದೆಯ ಮೇಲೆ ಕೈ. ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದು. ಮಲಗುವ ಮುನ್ನ ಎರಡು ಗೆರೆ ಹೋಲಿಸಿ, ಮರುದಿನ ದಿನಕ್ಕೆ ದಿನ, ಆಮೇಲೆ ವಾರಕ್ಕೆ ವಾರ.

ಕೆಡುವುದು ಬಹುಪಾಲು ಆಯ್ಕೆಯಲ್ಲೇ. ‘ಕೋಪ’ ಎಂದು ಬರೆದರೆ ಎಣಿಸಲಾಗದು; ‘ಮನೆಯವರ ಮೇಲೆ ದನಿ ಎತ್ತುವುದು’ ಎಂದರೆ ಎಣಿಸಬಹುದು. ಮೂರು ದೋಷ ಒಟ್ಟಿಗೆ ಹಿಡಿದರೆ ಬುಧವಾರದೊಳಗೆ ಹಾಳೆ ಮೂಲೆ ಸೇರುತ್ತದೆ. ಮಧ್ಯಾಹ್ನದ ಲೆಕ್ಕ ಬಿಟ್ಟರೆ ರಾತ್ರಿ ನೆನಪಾಗುವುದು ಕೊನೆಯ ಜಗಳ ಮಾತ್ರ. ಚುಕ್ಕಿ ಹಾಕುವ ಮುನ್ನ ನೆನಪಿನ ವರಕ್ಕಾಗಿ ದೇವರನ್ನು ಬೇಡಬೇಕೆಂಬ ಸಾಲನ್ನು ಹಾರಿಸಿದರಂತೂ ಉಳಿಯುವುದು ಬರೀ ಗಣಿತ.

ಎಣಿಕೆಯೇ ರೋಗವಾಗುವ ಅಪಾಯವೂ ಉಂಟು. ಮೊಂತ್ಸೆರಾತ್‌ನಲ್ಲಿ ಮೂರು ದಿನ ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಳ್ಳುವುದನ್ನು, ಮಾಡಿದ್ದರೂ ಇಗ್ನೇಷಿಯಸರಿಗೆ ಏನೋ ಬಿಟ್ಟುಹೋಯಿತೆಂಬ ಕೊರಗು. ಹಳೆಯದನ್ನೇ ಕೆದಕಿ ಮತ್ತೆ ಮತ್ತೆ ನಿವೇದಿಸಿದರು, ಪ್ರಾಣ ಕಳೆದುಕೊಳ್ಳುವ ಯೋಚನೆವರೆಗೂ ಹೋದರು, ವಾರವಿಡೀ ಉಪವಾಸ ಕೂತರು. ಉಪವಾಸ ಬಿಡಿಸಿದ್ದು ಪಾಪನಿವೇದನೆ ಕೇಳುತ್ತಿದ್ದ ಗುರುಗಳ ಆಜ್ಞೆ. ಕಡೆಗೆ, ಒಮ್ಮೆ ನಿವೇದಿಸಿದ ಹಳೆಯ ಪಾಪಗಳನ್ನು ಮತ್ತೆ ತೆಗೆಯುವುದಿಲ್ಲವೆಂದು ತೀರ್ಮಾನಿಸಿದರು.

ಕೂದಲ ಶೋಕಿಗೆ ಶಿಕ್ಷೆಯಾಗಿ ಅವರು ತಲೆ ಬಾಚದೆ, ಉಗುರು ಕತ್ತರಿಸದೆ ಬಿಟ್ಟಿದ್ದೂ ಇದೇ ಊರಲ್ಲಿ. ಮನಸ್ಸು ತಿಳಿಯಾದ ಮೇಲೆ ಎರಡನ್ನೂ ಕತ್ತರಿಸಿಕೊಂಡರು.