ಮೂರು ದಿನದ ಬ್ಯಾಂಕು

ಬೆಳಿಗ್ಗೆ ಶಿರಸಿಯಿಂದ ಮಾವನ ಫೋನು. ಅಡಿಕೆ ದುಡ್ಡು ಖಾತೆಗೆ ಬಿದ್ದ ಮರುದಿನವೇ 'ಕೆವೈಸಿ ಅವಧಿ ಮುಗಿದಿದೆ, ಇಂದೇ ಸರಿಪಡಿಸಿ' ಅಂತ ಮೆಸೇಜು, ಕೆಳಗೊಂದು ಲಿಂಕು. "ತಮಾ, ಇದು ಬ್ಯಾಂಕಿಂದೇ ಹೌದನ ನೋಡು."

ಒತ್ತಬೇಡ ಅಂತ ಹೇಳಿ, ವಿಳಾಸವನ್ನಷ್ಟೇ ಹೂಈಸ್‌ನಲ್ಲಿ ಹಾಕಿ ನೋಡಿದೆ. ವೆಬ್ ವಿಳಾಸಗಳ ಪಹಣಿ ಅದು. (ಈಗ ಆ ಜಾಗಕ್ಕೆ ಆರ್‌ಡಿಎಪಿ ಅನ್ನೋ ಹೊಸ ವ್ಯವಸ್ಥೆ ಬಂದಿದೆ, ಬಾಯಲ್ಲಿ ಮಾತ್ರ ಹಳೇ ಹೆಸರೇ.) 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಮಾಲೀಕರ ಕಾಲಂ ಹೆಚ್ಚಾಗಿ ಮುಚ್ಚಿಯೇ ಇರುತ್ತದೆ. ಕಳ್ಳನಿಗೂ ಅದೇ ಮುಸುಕು, ಏನು ಮಾಡೋದು! ಆದರೆ ನೋಂದಣಿ ದಿನಾಂಕ ಕಾಣುತ್ತದೆ. ಈ 'ಬ್ಯಾಂಕು' ಹುಟ್ಟಿ ಮೂರೇ ದಿನ. ಮಾವನ ಖಾತೆಗೇ ಮೂವತ್ತು ವರ್ಷ ದಾಟಿದೆ.

ವಿಳಾಸ ಮಾರಿದ ರಿಜಿಸ್ಟ್ರಾರ್‌ನ ದೂರು ಕೊಡೋ ಇಮೇಲ್ ಐಡಿಯೂ ಅಲ್ಲೇ ಇತ್ತು. ಸ್ಕ್ರೀನ್‌ಶಾಟ್ ಸಮೇತ ಬರೆದು ಹಾಕಿದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತಲ್ಲ, ಆ ಬಾಲ ನೋಡೋದನ್ನೂ ಮಾವನಿಗೆ ಹೇಳಿಕೊಟ್ಟೆ.

ಎಲ್ಲ ಕೇಳಿ ಮಾವ, "ಹಂಗಾರೆ ನಮ್ಮ ಸೊಪ್ಪಿನ ಬೆಟ್ಟದ ಪಹಣಿನೂ ಅದ್ರಲ್ಲೇ ಸಿಗ್ತನ?"