ನಿಮ್ಮ ಚರ್ಚಿಗೆ ನಾನು ಯಾಕೆ ಬರುತ್ತಿಲ್ಲ ಅಂದರೆ

"ಯಾಕ್ರಿ ಅಯ್ಯನವರ, ರಿಟೈರ್ ಆದಮ್ಯಾಲ ನಮ್ಮ ಚರ್ಚಿಗೆ ಬರೋದ ಬಿಟ್ಟ್ರಿ? ನಮ್ಮ ಮ್ಯಾಲ ಸಿಟ್ಟೇನ್ರಿ?"

ಬಾಗಲಕೋಟೆಯ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಯಾರದಾದರೂ ಮಣ್ಣಿಗೆ ಹೋದಾಗಲೂ ಇದೇ ಪ್ರಶ್ನೆ. ನಿಂತಲ್ಲೇ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ನಿಮ್ಮ ಪಾಸ್ಟರ್ ಆಗಿದ್ದು ರಿಟೈರ್ ಆದವನು ನಾನು, ಒಂದೇ ಸಲ ಬರೆದುಬಿಡುತ್ತೇನೆ. ಸಿಟ್ಟಿಲ್ಲ. ಬರಬೇಡಿ ಅಂತ ಯಾರೂ ಹೇಳಿಲ್ಲ. ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಮನೆ ಬಿಟ್ಟು ಬಂದವರೇ ಸುತ್ತ ಇರುವ ನವನಗರದಲ್ಲಿ ಮನೆ ಮಾಡಿದ್ದೇನೆ, ಇಲ್ಲಿನ ಸಭೆಗೆ ಹೋಗುತ್ತೇನೆ. ನಿಮ್ಮಲ್ಲಿಗೆ ಬರದಿರುವುದು ನಾನೇ ಮಾಡಿದ ತೀರ್ಮಾನ.

ಇನ್ನೊಂದು ಮಾತು ಕೇಳುತ್ತೀರಿ, ಅದು ಜಾಸ್ತಿ ಚುಚ್ಚುತ್ತದೆ. "ದೇವರ ಸೇವಾಕ್ಕ ರಿಟೈರ್ಮೆಂಟ್ ಎಲ್ಲೈತ್ರಿ?" ಇದೆ. ಬೈಬಲ್ಲಿನ ಅರಣ್ಯಕಾಂಡದ 8ನೇ ಅಧ್ಯಾಯದ ಕೊನೆ ಓದಿ. ಲೇವಿಯರು, ಅಂದರೆ ದೇವರ ಗುಡಾರದ ಸೇವೆಗೆ ನೇಮಕವಾದ ಕುಲದವರು, 50 ವರ್ಷ ಆದಮೇಲೆ ಗುಡಾರದ ಕೆಲಸ ಬಿಡಬೇಕು. ತಮ್ಮವರಿಗೆ ನೆರವಾಗಬಹುದು, ಆ ಕೆಲಸಕ್ಕೆ ಮಾತ್ರ ಕೈ ಹಾಕಬಾರದು. ಇಷ್ಟು ಸ್ಪಷ್ಟವಾಗಿ ಬರೆದಿದ್ದನ್ನು ನಾವು ಪ್ರಸಂಗದಲ್ಲಿ ಯಾಕೆ ಹೇಳುವುದಿಲ್ಲವೋ!

ರಿಟೈರ್ ಆದ ಮೂರನೇ ಭಾನುವಾರ ನಾನು ಬಂದಿದ್ದೆ, ನೆನಪಿದೆಯಲ್ವಾ? ಸುಮ್ನೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹೊಸ ಪಾಸ್ಟರಮ್ಮನವರು ಪ್ರಸಂಗ ಮಾಡುತ್ತಿದ್ದರು. ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಅವರು ಒಂದೊಂದು ಮಾತು ಮುಗಿಸಿದಾಗಲೂ ಮುಂದಿನ ಸಾಲಿನ ಹಿರಿಯರು ಹಿಂದೆ ತಿರುಗಿ ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದರೆ ಆ ಮಾತು ಪಾಸು. ಅದು ಪಾಸ್ಟರಮ್ಮನವರಿಗೂ ಕಾಣುತ್ತಿತ್ತು. ಅವರ ಕಣ್ಣೂ ನನ್ನ ಕಡೆಗೇ ಬರತೊಡಗಿತು. ನಾನು ತಲೆ ತಗ್ಗಿಸಿ ಬೈಬಲ್ ನೋಡುತ್ತ ಕುಳಿತೆ.

ಆರಾಧನೆ ಮುಗಿಯಿತು. ಅವರು ಬಿಳಿ ನಿಲುವಂಗಿಯಲ್ಲಿ ಬಾಗಿಲಿಗೆ ಬಂದು ನಿಂತರು, ಕೈ ಕುಲುಕಲಿಕ್ಕೆ. ನೀವೆಲ್ಲ ಬೇವಿನ ಮರದ ಕೆಳಗೆ ನನ್ನನ್ನು ಸುತ್ತಿಕೊಂಡಿರಿ. ನಿಮ್ಮ ಹೆಗಲ ಮೇಲಿಂದ ನೋಡಿದೆ. ಅವರ ಮುಂದೆ ಇಬ್ಬರು ಸಣ್ಣ ಮಕ್ಕಳು, ಒಬ್ಬರು ಮುದುಕಿ. ಆಮೇಲೆ ಯಾರೂ ಇಲ್ಲ. ಅವರು ಒಂದು ಕೈಯಿಂದ ಇನ್ನೊಂದು ತೋಳಿನ ಅಂಚು ಸರಿಮಾಡಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸರಿಮಾಡಿಕೊಂಡರು. ಅವತ್ತೇ ತೀರ್ಮಾನ ಮಾಡಿದೆ.

ಮದುವೆ, ದೀಕ್ಷಾಸ್ನಾನಕ್ಕೆ "ನಿಮ್ಮ ಕೈಯಿಂದಲೇ ಆಗಬೇಕು" ಅಂತ ಫೋನ್ ಮಾಡುವವರಿಗೂ ಇದೇ ಉತ್ತರ. ಅದರಲ್ಲಿ ನನ್ನ ಕೈಯ ಹೆಚ್ಚುಗಾರಿಕೆ ಏನೂ ಇಲ್ಲ. "ಹೆಣ್ಣುಮಗಳು, ಹೆಂಗ ನಡಸ್ತಾರೋ" ಅನ್ನುವವರೇ, ನಮ್ಮ ಸಿ.ಎಸ್.ಐ.ನಲ್ಲಿ (ದಕ್ಷಿಣ ಭಾರತ ಸಭೆಯಲ್ಲಿ) 1976ರಲ್ಲೇ ಹೆಣ್ಣುಮಗಳಿಗೆ ಆರ್ಡಿನೇಷನ್, ಅಂದರೆ ಪಾದ್ರಿ ಪಟ್ಟ, ಆಗಿದೆ. ಇನ್ನೂ ಎಷ್ಟು ವರ್ಷ ಬೇಕು ನಿಮಗೆ? ನಾನು ಹೋದರೆ ಸಭೆ ಒಡೆಯುತ್ತದೆ ಅಂತಲೂ ಒಬ್ಬರು ಅತ್ತರು. ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್, ಅಂದರೆ ಜರ್ಮನ್-ಸ್ವಿಸ್ ಪಾದ್ರಿಗಳ ಸಂಸ್ಥೆ, ಬಂದದ್ದು 1851ರಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಕೂಡಿಹಾಕಿ, ಆಮೇಲೆ ದೇಶದಿಂದಲೇ ಕಳಿಸಿದರು. ನಮ್ಮ ಅಜ್ಜಂದಿರ ಕಾಲದವರು ಆ ಹೊತ್ತಿನಲ್ಲೂ ಭಾನುವಾರ ತಪ್ಪಿಸಲಿಲ್ಲ. ನೀವು ಅವರ ಮೊಮ್ಮಕ್ಕಳು.

ನನಗೆ ಬೇರೆ ಪ್ರಶ್ನೆ ಕೇಳಬೇಕಿತ್ತು ನೀವು. "ಅಯ್ಯನವರ, ಈಗ ನಿಮಗ ಪಾಸ್ಟರ್ ಯಾರ್ರಿ?" ಅಂತ. ಒಬ್ಬರೂ ಕೇಳಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಆಪರೇಷನ್ ಆಯಿತು. ಇಲ್ಲಿನ ಪಾಸ್ಟರ್, ನನ್ನ ಮಗನ ವಯಸ್ಸಿನವರು, ಸಂಜೆ ಮಳೆಯಲ್ಲಿ ನೆನೆದುಕೊಂಡೇ ಆಸ್ಪತ್ರೆಗೆ ಬಂದರು. ಹೆಲ್ಮೆಟ್ ಮಂಚದ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತರು. ಪ್ರಾರ್ಥನೆ ಅಂದ ತಕ್ಷಣ ರೂಢಿಯಂತೆ ನಾನೇ ಬಾಯಿ ತೆಗೆದೆ. ಮಾತು ಬರಲಿಲ್ಲ. ಅವರು ಎದ್ದು ನಿಂತು ಮೊದಲು ನಮ್ಮ ಮನೆಯವರ ತಲೆಯ ಮೇಲೆ, ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟರು. ಕೈ ತಣ್ಣಗಿತ್ತು, ಒದ್ದೆ ಇತ್ತು. ಆರ್ಡಿನೇಷನ್ ದಿನ ಬಿಷಪ್ಪರು ಕೈ ಇಟ್ಟ ಮೇಲೆ ಅಷ್ಟೂ ವರ್ಷ ನಾನು ಬೇರೆಯವರ ತಲೆಯ ಮೇಲೆ ಕೈ ಇಟ್ಟವನು. ಅವತ್ತು ಅತ್ತುಬಿಟ್ಟೆ. ಅವರಿಗೆ ನಾನು ಹಿರಿಯ ಪಾಸ್ಟರ್ ಆಗಿರಲಿಲ್ಲ, ಹೆಂಡತಿಯ ಜೀವಕ್ಕೆ ಹೆದರಿದ ಒಬ್ಬ ಸಭಿಕ ಆಗಿದ್ದೆ.

ನಿಮ್ಮ ಪಾಸ್ಟರಮ್ಮನವರೂ ನಿಮ್ಮ ಮನೆಗೆ ಹೀಗೇ ಬರುತ್ತಾರೆ. ಬರಲಿಕ್ಕೆ ಬಿಡಿ.

ಈ ಸಲದ ಸುಗ್ಗಿ ಹಬ್ಬಕ್ಕೆ ಅವರೇ ಫೋನ್ ಮಾಡಿ ಕರೆದಿದ್ದಾರೆ. ಬರುತ್ತೇನೆ. ಕಾಣಿಕೆಗೆ ಜೋಳ ತರುತ್ತೇನೆ, ಕಾಣಿಕೆಗಳ ಹರಾಜು ಮುಗಿಯುವವರೆಗೂ ಇರುತ್ತೇನೆ. ಆದರೆ ಬಾಗಿಲಲ್ಲಿ ಮೊದಲು ಅವರ ಕೈ ಕುಲುಕಿ. ನಾನು ಬೇವಿನ ಮರದ ಕೆಳಗೇ ಇರುತ್ತೇನೆ, ಆಮೇಲೆ ಬನ್ನಿ.